ಕೈಕಸುಬು: ಗುಜರಿ ಕಬ್ಬಿಣದಿಂದ ಒತ್ತುಯಂತ್ರ

ಹೊಸೂರಿನ ಕಡೆ ಚಿಕ್ಕದೊಂದು ಲೇತ್ ಕಾರ್ಖಾನೆ ನಡೆಸುತ್ತಿರುವ ವಾಚಕರೊಬ್ಬರು ಪತ್ರ ಬರೆದು, ಬೇರಿಂಗು, ಬುಷ್ಷುಗಳನ್ನು ಕಳಚಿ ಕೂಡಿಸಲು ಹೈಡ್ರಾಲಿಕ್ ಪ್ರೆಸ್ಸೊಂದನ್ನು ತಾವೇ ಕಟ್ಟಿಕೊಳ್ಳಬಹುದೇ ಎಂದು ಕೇಳಿದ್ದಾರೆ. ಲಾರಿಯ ೨೦ ಟನ್ನಿನ ಜಾಕು ಅವರಲ್ಲಿದೆ, ಚಾನೆಲ್ ಕಬ್ಬಿಣ ಗುಜರಿಯಲ್ಲಿ ದೊರೆಯುತ್ತದೆ, ವೆಲ್ಡಿಂಗ್ ಬಲ್ಲರು. ಧಾರಾಳವಾಗಿ ಕಟ್ಟಬಹುದು. ಆದರೆ ಅವರು ಕಳುಹಿಸಿದ ನಕ್ಷೆಯಲ್ಲಿ, ಕೆಳತೊಲೆಯನ್ನು ಎರಡು ಕಂಬಗಳ ಮೇಲೆ ಹೊರಿಸಲು ೧೬ ಮಿಲಿಮೀಟರ್ ಬೋಲ್ಟುಗಳನ್ನು ತೋರಿಸಿದ್ದಾರೆ. ಅದನ್ನು ಕಂಡ ಮೇಲೆ ಈ ತಿಂಗಳ ಅಂಕಣವನ್ನು ಅವರ ಪ್ರಶ್ನೆಗೇ ಮೀಸಲಿಡಬೇಕಾಯಿತು.

ಆದವಾನಿಯಲ್ಲಿ ಅರಳೆಯನ್ನು ಬೇಲುಗಳಾಗಿ ಅದುಮುವ ಪ್ರೆಸ್ಸನ್ನು ಕಂಡವರಿಗೆ ಈ ಯಂತ್ರದ ಬಲ ಹೊಸತಲ್ಲ. ಪಾಸ್ಕಲ್ ೧೭ನೆಯ ಶತಮಾನದಲ್ಲಿ ತಿಳಿಸಿದ ತತ್ತ್ವವನ್ನು ಯಂತ್ರವಾಗಿಸಿ ೧೭೯೫ರಲ್ಲಿ ಪೇಟೆಂಟು ಪಡೆದವನು ಲಂಡನ್ನಿನ ಜೋಸೆಫ್ ಬ್ರಾಮಾ. ಬೀಗಗಳಿಗೂ ಶೌಚಗೃಹದ ಸಾಧನಗಳಿಗೂ ಹೆಸರಾದ ಮನುಷ್ಯ! ಜಾಕಿನೊಳಗಿನ ಪಂಪಿನ ಪಿಸ್ಟನ್ನು ೧೦ ಮಿ.ಮೀ., ಮೇಲೇರುವ ಪಿಸ್ಟನ್ನು ೫೦ ಮಿ.ಮೀ. ವ್ಯಾಸದ್ದೆಂದು ಭಾವಿಸೋಣ. ವಿಸ್ತೀರ್ಣದಲ್ಲಿ ೨೫ ಪಟ್ಟು ಅಂತರ. ಹಿಡಿಯ ಸನ್ನೆಯಿಂದ ಇನ್ನು ೧೦ ಪಟ್ಟು. ಕೈಯಿಂದ ೪೦ ಕಿಲೋ ಒತ್ತಿದರೆ ೧೦ ಟನ್ ಬಲ ಹುಟ್ಟಿತು. ಸನ್ನೆಯನ್ನು ಉದ್ದ ಮಾಡಿದರೆ ಇನ್ನೂ ಹೆಚ್ಚು.

ಈ ಬಲವೆಲ್ಲ ಬೇರಿಂಗಿನ ಮೇಲೆ ಮಾತ್ರ ಬೀಳುತ್ತದೆಂದು ಹಲವರು ತಿಳಿದಿದ್ದಾರೆ. ಅಷ್ಟೇ ಬಲ ಮೇಲ್ತೊಲೆಯನ್ನು ಮೇಲಕ್ಕೂ ಕೆಳತೊಲೆಯನ್ನು ಕೆಳಕ್ಕೂ ತಳ್ಳುತ್ತಿರುತ್ತದೆ. ೨೦ ಟನ್ನಿನಲ್ಲಿ ಒಂದೊಂದು ಕಂಬದ ಪಿನ್ನಿಗೆ ೧೦ ಟನ್ ಪಾಲು. ಕಂಬದ ಎರಡೂ ಪಕ್ಕಗಳಲ್ಲಿ ತೊಲೆಯ ಚಾನೆಲ್ಲುಗಳು ಪಿನ್ನಿನ ಮೇಲೆ ಕುಳಿತಿರುವುದರಿಂದ ಅದು ಎರಡು ಕಡೆ ಕತ್ತರಿಗೆ ಸಿಕ್ಕಿದಂತಿರುತ್ತದೆ. ೧೬ ಮಿ.ಮೀ. ಬೋಲ್ಟಿನಲ್ಲಿ ಎರಡೂ ಕಡೆ ಸೇರಿ ಸುಮಾರು ೪೦೦ ಚದರ ಮಿ.ಮೀ. ಉಕ್ಕು, ಚದರ ಮಿಲಿಮೀಟರಿಗೆ ೨೫ ಕಿಲೋ ಭಾರ. ಸಾಧಾರಣ ಮೆದು ಉಕ್ಕು ಹೀಗೆ ಕತ್ತರಿಸುವ ಬಲಕ್ಕೆ ೧೫ ಕಿಲೋ ಹೊತ್ತಿಗೇ ಸೋತು ರೂಪಗೆಡುತ್ತದೆ. ೩೦ ಮಿ.ಮೀ. ಪಿನ್ನು ಹಾಕಿದರೆ ಭಾರ ೭ ಕಿಲೋಗೆ ಇಳಿಯುತ್ತದೆ. ಬೋಲ್ಟು ಬೇಡ, ತಿರುಪು ಕೊರೆಯದ ನುಣುಪು ಸಲಾಕೆಯೇ ಇರಲಿ. ರಂಧ್ರದ ಬಳಿ ಚಾನೆಲ್ ತೆಳುವಾಗಿದ್ದರೆ ಪಟ್ಟಿಯನ್ನು ಬೆಸೆದು ದಪ್ಪಗೊಳಿಸತಕ್ಕದ್ದು.

ನಕ್ಷೆಯಲ್ಲಿ ಜಾಕನ್ನು ತಲೆಕೆಳಗಾಗಿ ತೂಗುಹಾಕಿರುವುದೂ ಸರಿಯಲ್ಲ. ಸಾಮಾನ್ಯ ಜಾಕು ಹಾಗೆ ಕೆಲಸ ಮಾಡದು. ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರುತ್ತದೆ. ಎರಡು ಸ್ಪ್ರಿಂಗುಗಳಿಂದ ಮೇಲ್ತೊಲೆಗೆ ತೂಗಿದ ನಡುತೊಲೆಯ ಮೇಲೆ ಜಾಕನ್ನು ನೆಟ್ಟಗೆ ನಿಲ್ಲಿಸಿ. ಅದರ ತಲೆ ಮೇಲ್ತೊಲೆಯನ್ನು ಒದ್ದಾಗ ನಡುತೊಲೆ ಕೆಳಗಿಳಿದು ಒತ್ತುತ್ತದೆ. ಕೀಲು ಸಡಿಲಿಸಿದೊಡನೆ ಸ್ಪ್ರಿಂಗು ಅದನ್ನು ಎತ್ತಿಕೊಳ್ಳುತ್ತದೆ.

ಆಧಾರಕ್ಕೆ ಬೀಡಿನ ತುಂಡುಗಳನ್ನು ಇಡಬಾರದು. ಬೀಡು ಬಾಗದೆ ಒಮ್ಮೆಲೇ ಸಿಡಿಯುತ್ತದೆ. ಬೇರಿಂಗಿನ ಬಳೆಯೂ ಹಾಗೆಯೇ. ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನೇ ಒತ್ತಬೇಕು. ತುಕ್ಕು ಹಿಡಿದು ಕದಲದ ಬೇರಿಂಗಾದರೆ ದಪ್ಪ ತಗಡಿನ ಮರೆ ಕಟ್ಟಿ, ಪಕ್ಕಕ್ಕೆ ನಿಂತು ಹಿಡಿ ಆಡಿಸಿರಿ. ಹಿಡಿ ಆಡಿಸಲು ಅಂಗಡಿಯ ಹುಡುಗನಿದ್ದಾನೆಂದು ಬರೆದಿದ್ದೀರಿ. ಪಿನ್ನು ಬದಲಿಸುವವರೆಗೆ ಅವನನ್ನು ಅದರ ಹತ್ತಿರ ಬಿಡಬೇಡಿರಿ. ತಿದ್ದಿದ ನಕ್ಷೆ ಕಳುಹಿಸಿದರೆ, ಕಬ್ಬಿಣ ಕೊಯ್ಯುವ ಮೊದಲೇ ನೋಡಿ ಉತ್ತರಿಸುವೆ.