ಪ್ರಯೋಗಶಾಲೆಯ ಪ್ರಾಣಿಗಳೂ ಅವುಗಳ ಪಾಲಕರೂ

ದನಕರುಗಳಿಗೆ ತಗಲುತ್ತಿದ್ದ ಅಂಟುಜಾಡ್ಯಗಳಲ್ಲೆಲ್ಲಾ ಅತ್ಯಂತ ಭಯಂಕರವಾಗಿದ್ದುದು ದೊಡ್ಡ ರೋಗ. ಅದು ಒಂದು ಗ್ರಾಮವನ್ನು ಹೊಕ್ಕಿತೆಂದರೆ ಕೆಲವೇ ದಿವಸಗಳಲ್ಲಿ ಕೊಟ್ಟಿಗೆಗಳು ಬರಿದಾಗಿ, ಮಳೆ ಬಿದ್ದು ಹದವಾದ ಹೊಲವನ್ನು ಉಳುವುದಕ್ಕೆ ಒಂದು ಜೊತೆ ಎತ್ತುಗಳೂ ದೊರೆಯದಂತಾಗುತ್ತಿದ್ದ ಸಂಗತಿಯನ್ನು ಹಿರಿಯರ ಬಾಯಿಂದ ಕೇಳದ ರೈತ ಕುಟುಂಬವು ವಿರಳ. ಆ ಜಾಡ್ಯವು ಈಗ ಭೂಮಂಡಲದಲ್ಲಿ ಎಲ್ಲಿಯೂ ಇಲ್ಲ. 2006ರಲ್ಲಿ ಭಾರತವೂ 2011ರಲ್ಲಿ ಸಮಸ್ತ ಪ್ರಪಂಚವೂ ಅದರಿಂದ ಮುಕ್ತವಾದುವೆಂದು ಘೋಷಣೆಯಾಯಿತು. ಈ ಜಯದ ಕೀರ್ತಿಯು ಲಸಿಕೆಯನ್ನು ಸಿದ್ಧಪಡಿಸಿದ ವಿದ್ವಾಂಸರಿಗೂ, ಅದನ್ನು ಹಳ್ಳಿಹಳ್ಳಿಗೆ ಹೊತ್ತು ನಡೆದ ಪಶುವೈದ್ಯ ಸಿಬ್ಬಂದಿಗೂ, ತಮ್ಮ ದನಗಳನ್ನು ನಂಬಿಕೆಯಿಂದ ಮುಂದೆ ತಂದು ನಿಲ್ಲಿಸಿದ ರೈತರಿಗೂ ಸಲ್ಲತಕ್ಕದ್ದೇ ಸರಿ. ಆದರೆ ಇವರೊಡನೆ ಸ್ಮರಿಸಬೇಕಾದ ಇನ್ನೊಂದು ವರ್ಗದವರುಂಟು. ಪ್ರಯೋಗಶಾಲೆಗಳಲ್ಲಿ ಪರೀಕ್ಷೆಗಾಗಿ ಇಟ್ಟಿರತಕ್ಕ ಪ್ರಾಣಿಗಳನ್ನು ಹಗಲಿರುಳು ನೋಡಿಕೊಳ್ಳುವ ಪಶುವೈದ್ಯ ಸಹಾಯಕರೂ ಪ್ರಾಣಿಪಾಲಕರೂ ಆ ವರ್ಗದವರು. ಇವರ ಕೆಲಸವು ಯಾವ ಬಗೆಯದು, ಅದಕ್ಕೂ ಗ್ರಾಮದ ಕೊಟ್ಟಿಗೆಗೂ ಇರುವ ಸಂಬಂಧವೇನು, ಇವರಿಗೆ ಸಲ್ಲಬೇಕಾದ ಮರ್ಯಾದೆಯು ಸಲ್ಲುತ್ತಿರುವುದೆ ಎಂಬ ವಿಷಯಗಳನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಪರ್ಯಾಲೋಚಿಸುವುದು ಯುಕ್ತವಾಗಿದೆ.

ಈ ದೇಶದಲ್ಲಿ ಪಶುರೋಗಗಳ ಸಂಶೋಧನೆಗೆಂದು ಪ್ರಥಮತಃ 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆಯು ಸ್ಥಾಪಿತವಾಯಿತು. ಜನವಸತಿಯ ನಡುವೆ ಅಂಟುಜಾಡ್ಯಗಳ ಪರೀಕ್ಷೆಯು ಅಪಾಯಕರವಾದುದರಿಂದ 1893ರಲ್ಲಿ ಅದನ್ನು ಹಿಮಾಲಯದ ಕುಮಾಊಂ ಪ್ರಾಂತದ ಮುಕ್ತೇಶ್ವರವೆಂಬ ಏಕಾಂತವಾದ ಬೆಟ್ಟಕ್ಕೆ ಸಾಗಿಸಲಾಯಿತು. ದೊಡ್ಡ ರೋಗದ ಸೋಂಕನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಹೋದಲ್ಲಿ ಅದು ದನಗಳ ಮಟ್ಟಿಗೆ ಸೌಮ್ಯವಾಗುವುದೆಂಬುದನ್ನು 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿದ್ವಾಂಸರು ಕಂಡುಕೊಂಡುದು ಅಲ್ಲಿಯೇ. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯು ಏರ್ಪಟ್ಟಿತು. ಅದೇ ಈಗ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿರುವುದು. ಈ ಎಲ್ಲ ಸ್ಥಳಗಳಲ್ಲಿಯೂ ವಿದ್ವಾಂಸರ ಬುದ್ಧಿಯು ಫಲಿಸಬೇಕಾದರೆ ಮೊದಲು ಆಡು, ಹೋರಿ, ಮೊಲ, ಗಿನಿಹಂದಿ, ಇಲಿಗಳನ್ನು ಆರೋಗ್ಯದಿಂದ ಸಾಕಬಲ್ಲ ಕೈಗಳು ಬೇಕಾಗಿದ್ದುವು; ಈಗಲೂ ಬೇಕು.

ಪ್ರಾಣಿಪಾಲಕನ ಕೆಲಸವೆಂದರೆ ಪಂಜರ ತೊಳೆದು ಮೇವು ಹಾಕುವುದಷ್ಟೇ ಎಂದು ಭಾವಿಸುವುದು ತಪ್ಪು. ಹೊಸದಾಗಿ ಬಂದ ಪ್ರಾಣಿಗಳನ್ನು ಆತನು ಹಳೆಯವುಗಳೊಡನೆ ಬೆರೆಸದೆ ಕೆಲಕಾಲ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂಬುದನ್ನು ನಿಶ್ಚಯ ಮಾಡಿಕೊಳ್ಳಬೇಕು. ಕೊಠಡಿಯ ಶಾಖ, ಗಾಳಿ, ತೇವ, ಬೆಳಕು ಇವುಗಳನ್ನು ಪ್ರತಿದಿನವೂ ನೋಡಿ ಬರೆದಿಡಬೇಕು. ಮೂತ್ರದಿಂದ ಹುಟ್ಟುವ ಅಮೋನಿಯ ವಾಯುವು ಪ್ರಾಣಿಗಳ ಶ್ವಾಸಕೋಶವನ್ನು ಕೆಡಿಸದಂತೆ ಹಾಸನ್ನು ಬದಲಾಯಿಸಬೇಕು. ಮೊಲವನ್ನು ಎತ್ತುವಾಗ ಹಿಂಭಾಗಕ್ಕೆ ಕೈಯಾಸರೆ ಕೊಡದಿದ್ದಲ್ಲಿ ಅದು ಒದೆಯುವ ರಭಸಕ್ಕೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವುದು. ಇಲಿಯೂ ಮೊಲವೂ ಬೇಟೆಗೆ ಈಡಾಗುವ ಜಾತಿಯವಾದುದರಿಂದ ತಮ್ಮ ನೋವನ್ನು ಮರೆಮಾಚುವುವು. ಕಣ್ಣು ಕಿರಿದಾಗುವುದು, ಕಿವಿಗಳ ನಿಲುವು ಬದಲಾಗುವುದು, ರೋಮವು ಕೆದರಿ ನಿಲ್ಲುವುದು ಮೊದಲಾದ ಸೂಕ್ಷ್ಮ ಚಿಹ್ನೆಗಳಿಂದಲೇ ಪಾಲಕನು ಅದನ್ನು ಗ್ರಹಿಸಿ, ಪಶುವೈದ್ಯರಿಗೆ ತಿಳಿಸಬೇಕು. ಹಬ್ಬವೆಂದಾಗಲಿ ರಜವೆಂದಾಗಲಿ ಈ ಕೆಲಸಕ್ಕೆ ಬಿಡುವಿಲ್ಲ. ಇದರ ಮೇಲೆ ಪ್ರಾಣಿಗಳ ರೋಮ, ಮೂತ್ರಗಳ ಸೋಂಕಿನಿಂದ ಪಾಲಕರಲ್ಲಿ ಕೆಲವರಿಗೆ ಸೀನು, ಉಬ್ಬಸಗಳೂ ಬರುವುದುಂಟು.

ಈ ವಿದ್ಯೆಯು ಅನುಭವದಿಂದಲೂ ಪರೀಕ್ಷೆಯಿಂದಲೂ ಬೆಳೆದುದು. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಖ್ ಎಂಬ ಇಬ್ಬರು ವಿದ್ವಾಂಸರು ಗಿನಿಹಂದಿಗಳಿಗೆ ಬರಿಯ ಧಾನ್ಯವನ್ನೇ ತಿನ್ನಿಸಲು, ಅವು ಮನುಷ್ಯರಿಗೆ ಬರುವ ಸ್ಕರ್ವಿ ರೋಗದಿಂದ ನರಳಿದುವು. ಸಿ ಜೀವಸತ್ತ್ವವನ್ನು ದೇಹದಲ್ಲಿ ತಯಾರಿಸಿಕೊಳ್ಳುವ ಶಕ್ತಿಯು ಗಿನಿಹಂದಿಗೆ ಇಲ್ಲವಾದುದರಿಂದ ಕುದುರೆಮಸಾಲೆಯಂತಹ ಹಸಿ ಸೊಪ್ಪನ್ನೋ ಆ ಸತ್ತ್ವವನ್ನು ಬೆರೆಸಿದ ಆಹಾರವನ್ನೋ ಕೊಡದಿದ್ದರೆ ಅದು ಬದುಕದು. ಮತ್ತೆ 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಹರ್ಸ್ಟ್ ಮತ್ತು ವೆಸ್ಟ್ ಎಂಬವರು, ಇಲಿಯನ್ನು ಬಾಲ ಹಿಡಿದು ಎತ್ತುವುದಕ್ಕಿಂತ ಬೊಗಸೆಯಲ್ಲಾಗಲಿ ಒಂದು ಕೊಳವೆಯಲ್ಲಾಗಲಿ ಎತ್ತಿದರೆ ಅದರ ಭಯವು ಬಹಳ ಮಟ್ಟಿಗೆ ಕಡಿಮೆಯಾಗುವುದೆಂದು ತೋರಿಸಿಕೊಟ್ಟರು. ಹೆದರಿದ ಪ್ರಾಣಿಯ ದೇಹಸ್ಥಿತಿಯೇ ಬೇರೆ, ನೆಮ್ಮದಿಯಿಂದಿರುವ ಪ್ರಾಣಿಯ ದೇಹಸ್ಥಿತಿಯೇ ಬೇರೆ. ಆದಕಾರಣ ಪರೀಕ್ಷೆಯ ಫಲಿತಾಂಶವು ಪಾಲಕನ ಹಸ್ತಗುಣವನ್ನು ಅವಲಂಬಿಸಿರುವುದೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದರಿಂದ ರೈತನಿಗೆ ಆಗತಕ್ಕ ಲಾಭನಷ್ಟಗಳೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಚಪ್ಪೆ ರೋಗದ ಲಸಿಕೆಯ ಶಕ್ತಿಯನ್ನು ಗಿನಿಹಂದಿಗಳಲ್ಲಿ ಪರೀಕ್ಷಿಸುವ ಪದ್ಧತಿಯುಂಟು. ಕೆಲವು ಪ್ರಾಣಿಗಳಿಗೆ ಲಸಿಕೆಯನ್ನು ಹಾಕಿ, ಕೆಲವಕ್ಕೆ ಹಾಕದೆ ಬಿಟ್ಟು, ತಕ್ಕ ಕಾಲವು ಕಳೆದ ಮೇಲೆ ಎರಡು ಗುಂಪುಗಳಿಗೂ ರೋಗಾಣುಗಳನ್ನು ಚುಚ್ಚುವರು. ಲಸಿಕೆ ಪಡೆದವು ಬದುಕಿ, ಪಡೆಯದವು ಸತ್ತರೆ ಲಸಿಕೆಯು ಗಟ್ಟಿಯೆಂದು ನಿರ್ಧಾರವಾಗುವುದು. ಈಗ, ನೀರಿನ ಸೀಸೆಯು ಒಂದು ರಾತ್ರಿ ಬರಿದಾಗಿದ್ದು, ಲಸಿಕೆ ಪಡೆದ ಪ್ರಾಣಿಗಳು ಆ ಕಾರಣದಿಂದಲೇ ಬಳಲಿ ಸತ್ತುವೆನ್ನೋಣ. ಆ ಸಂಗತಿಯು ದಾಖಲೆಗೆ ಬರದಿದ್ದರೆ ಉತ್ತಮವಾದ ಲಸಿಕೆಯು ನಿಷ್ಪ್ರಯೋಜಕವೆಂದು ತಳ್ಳಲ್ಪಟ್ಟು, ಮುಂಗಾರಿನ ಮೊದಲು ಹಳ್ಳಿಗಳಿಗೆ ತಲಪಬೇಕಾದುದು ತಲಪದೆ ಹೋಗುವುದು. ದಾಖಲೆಯೇ ತಪ್ಪಾದರಂತೂ ದುರ್ಬಲವಾದ ಲಸಿಕೆಯೇ ಗಟ್ಟಿಯೆನಿಸಿಕೊಂಡು ಹೊರಬೀಳಬಹುದು. ಆಗ ಚುಚ್ಚಿಸಿದರೂ ಎತ್ತು ಉಳಿಯಲಿಲ್ಲವೆಂದು ರೈತನು ಲಸಿಕೆಯ ಮೇಲಣ ನಂಬಿಕೆಯನ್ನೇ ಕಳೆದುಕೊಳ್ಳುವನು.

ಸೀಸೆಯು ಬರಿದಾಗಿದ್ದುದನ್ನು ಬಲ್ಲವನು ಪಾಲಕನೊಬ್ಬನೇ. ಅದನ್ನು ಹೇಳುವುದೂ ಮುಚ್ಚಿಡುವುದೂ ಆತನ ಕೈಯಲ್ಲಿರುವುದು. ದಿನಗೂಲಿಯವನಾಗಿ, ನಾಳೆಯ ಕೆಲಸವೇ ನಿಶ್ಚಯವಿಲ್ಲದವನಾಗಿ, ಬಾಯಿ ತೆರೆದರೆ ಬೈಗುಳಕ್ಕೂ ಕೂಲಿಕಡಿತಕ್ಕೂ ಗುರಿಯಾಗತಕ್ಕವನಾಗಿ ಆತನನ್ನು ಇಟ್ಟುಕೊಂಡಲ್ಲಿ, ಆತನು ಸತ್ಯವನ್ನು ಹೇಳಲೆಂದು ನಿರೀಕ್ಷಿಸುವುದು ನ್ಯಾಯವೆ? ಸ್ಥಿರವಾದ ಉದ್ಯೋಗ, ಶಿಕ್ಷಣ, ಗೌರವ ಇವುಗಳನ್ನು ಪಡೆದವನಿಗೆ ತನ್ನ ತಪ್ಪನ್ನು ತಾನೇ ಬರೆದಿಡುವ ಧೈರ್ಯವು ಬರುವುದು. ಆದುದರಿಂದ ಪ್ರಾಣಿಪಾಲಕನ ಸ್ಥಾನಮಾನವನ್ನು ಹೆಚ್ಚಿಸುವುದು ಆತನಿಗೆ ತೋರುವ ದಯೆಯಲ್ಲ. ಅದು ಲಸಿಕೆಯ ನಂಬಿಕೆಗೆ ಹಾಕತಕ್ಕ ಅಸ್ತಿಭಾರ.

ಈ ವಿಷಯದಲ್ಲಿ ಎರಡು ಆಕ್ಷೇಪಣೆಗಳು ಕೇಳಿಬರುವುದುಂಟು. ಓದಿದ ಹುಡುಗನು ಇಲಿ ಕಾಯುವ ಚಾಕರಿಗೆ ಹೋಗುವುದೆಂದರೇನು ಎಂಬುದು ಮೊದಲನೆಯದು. ಬೆಳಗಾಗ ಕೊಟ್ಟಿಗೆಗೆ ಕಾಲಿಟ್ಟೊಡನೆ, ಯಾವ ಎತ್ತು ಮೆಲುಕು ಹಾಕುತ್ತಿಲ್ಲ, ಯಾವ ಹಸುವಿನ ಮೂಗಿನ ತುದಿ ಒಣಗಿದೆ ಎಂಬುದನ್ನು ಗುರುತಿಸಬಲ್ಲ ಯಜಮಾನನನ್ನು ಊರೇ ಗೌರವಿಸುವುದು. ಅದೇ ಕಣ್ಣನ್ನು ಸಣ್ಣ ಪ್ರಾಣಿಗಳ ಕಡೆಗೆ ತಿರುಗಿಸಿ, ನೋಡಿದುದನ್ನು ಪುಸ್ತಕದಲ್ಲಿ ಬರೆದಿಡುವುದೇ ಪಾಲಕನ ವಿದ್ಯೆ. ಅಮೆರಿಕಾದಲ್ಲಿ ಈ ಉದ್ಯೋಗಸ್ಥರನ್ನು ಪರೀಕ್ಷಿಸಿ, ಮೂರು ದರ್ಜೆಗಳಲ್ಲಿ ಅರ್ಹತಾಪತ್ರಗಳನ್ನು ಕೊಡುವ ಏರ್ಪಾಡಿದೆ. ಒಂದು ಕಡೆ ವಿದ್ಯೆಯೆನಿಸಿದುದು ಇನ್ನೊಂದು ಕಡೆ ಹೀನವೃತ್ತಿಯಾಗಲಾರದು.

ಮೂಕಪ್ರಾಣಿಗಳನ್ನು ಹಿಂಸಿಸುವ ಸ್ಥಳದಲ್ಲಿ ದುಡಿಯುವುದು ಪಾಪವೆಂಬುದು ಎರಡನೆಯ ಆಕ್ಷೇಪಣೆ. ಇದನ್ನು ಲಘುವಾಗಿ ತಳ್ಳಿಹಾಕತಕ್ಕದ್ದಲ್ಲ. ಪ್ರಯೋಗಕ್ಕೊಳಗಾದ ಪ್ರಾಣಿಗಳಲ್ಲಿ ಅನೇಕವು ಸಾಯುವುವು. ಮೇವು ಹಾಕಿ ಬೆಳೆಸಿದ ಪಾಲಕನೇ ಕೆಲವು ವೇಳೆ ಅವುಗಳ ಕೊನೆಗಾಲದಲ್ಲಿಯೂ ಹತ್ತಿರ ನಿಲ್ಲಬೇಕಾಗುವುದು. ಆತನ ಮನಸ್ಸಿನ ಮೇಲೆ ಬೀಳುವ ಭಾರವು ಅಲ್ಪವಲ್ಲ. ಆದರೆ ಈ ಕ್ಲೇಶವನ್ನು ಕುಗ್ಗಿಸುವ ಪ್ರಯತ್ನವೂ ನಡೆದಿದೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿದ್ವಾಂಸರು, ಪ್ರಾಣಿಗಳ ಬದಲು ಬೇರೆ ಸಾಧನವಿದ್ದರೆ ಅದನ್ನು ಉಪಯೋಗಿಸಬೇಕು, ಸಂಖ್ಯೆಯನ್ನು ಮಿತಗೊಳಿಸಬೇಕು, ನೋವನ್ನು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ವಿಧಿಸಿದರು. ಭಾರತದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಶಾಸನವೂ 1998ರ ನಿಯಮಗಳೂ ಪ್ರಯೋಗಶಾಲೆಗಳನ್ನು ಕಟ್ಟುಪಾಡಿಗೆ ಒಳಪಡಿಸಿರುವುವು. ಶಾಸನವು ಕಾಗದದ ಮೇಲಿರುವುದು. ಮಧ್ಯರಾತ್ರಿಯಲ್ಲಿ ನರಳುವ ಪ್ರಾಣಿಯ ಬಳಿ ಇರತಕ್ಕವನು ಪಾಲಕನು. ದಯಾವಂತರು ಈ ಕೆಲಸದಿಂದ ದೂರ ಸರಿದರೆ ಆ ಸ್ಥಾನಕ್ಕೆ ನಿರ್ದಯರು ಬರುವರೇ ಹೊರತು ಪ್ರಾಣಿಗೆ ಉಪಕಾರವೇನೂ ಆಗದು.

ಆದುದರಿಂದ ಮಾಡತಕ್ಕ ಕಾರ್ಯಗಳು ಸ್ಪಷ್ಟವಾಗಿವೆ. ಪ್ರಯೋಗಶಾಲೆಗಳ ಅಧಿಕಾರಿಗಳು ಪಾಲಕರನ್ನು ಕಾಯಂ ನೌಕರರನ್ನಾಗಿ ನೇಮಿಸಿ, ಕ್ರಮವಾದ ಶಿಕ್ಷಣವನ್ನು ಕೊಟ್ಟು, ಅವರ ಆರೋಗ್ಯವನ್ನು ಪರೀಕ್ಷಿಸಿ, ಅವರು ಬರೆದ ದಾಖಲೆಗೆ ಬೆಲೆ ಕೊಡಬೇಕು. ತಪ್ಪನ್ನು ತಾನಾಗಿ ತಿಳಿಸಿದವನನ್ನು ಶಿಕ್ಷಿಸಬಾರದು. ಗ್ರಾಮದ ಮುಖಂಡರ ಕರ್ತವ್ಯವೂ ಇದೆ. ಹತ್ತನೆಯ ತರಗತಿಯ ಅನಂತರ 2 ವರ್ಷಗಳ ಪಶುಸಂಗೋಪನಾ ಡಿಪ್ಲೊಮಾ ಶಿಕ್ಷಣವು ಕರ್ನಾಟಕದಲ್ಲಿ ದೊರೆಯುತ್ತಿರುವುದು. ದನಗಳಲ್ಲಿ ಅಕ್ಕರೆಯುಳ್ಳ ಹುಡುಗರನ್ನೂ ಹುಡುಗಿಯರನ್ನೂ ಅದಕ್ಕೆ ಕಳುಹಿಸಿ, ಮುಂದೆ ಅವರು ಪ್ರಯೋಗಶಾಲೆಯ ಕೆಲಸವನ್ನು ಆರಿಸಿಕೊಂಡರೆ ಹೀಯಾಳಿಸದೆ ಹರಸಬೇಕು. ಗಳಲೆ, ಚಪ್ಪೆ, ನೆರಡಿ ರೋಗಗಳು ಇನ್ನೂ ಅಳಿದಿಲ್ಲ. ಅವುಗಳ ಲಸಿಕೆಯ ಸೀಸೆಯು ಊರಬಾಗಿಲಿಗೆ ಬಂದಾಗ, ಅದರ ಹಿಂದೆ ಯಾವುದೋ ಕೊಠಡಿಯಲ್ಲಿ ಒಂದು ಗಿನಿಹಂದಿಗೆ ಹೊತ್ತಿಗೆ ಸರಿಯಾಗಿ ನೀರಿಟ್ಟು, ಕಂಡುದನ್ನು ಕಂಡಂತೆ ಬರೆದಿಟ್ಟವನೊಬ್ಬನಿರುವನೆಂಬುದನ್ನು ಗ್ರಾಮಸ್ಥರು ನೆನೆಯುವುದು ಉಚಿತವಾಗಿರುವುದು.