ಲೋಹದ ಲೆಕ್ಕ, ಭಾಗ 6: ನಿಮ್ಮ ಬೆರಳಿನ ಕೆಳಗಿರೋ ಇಂಡಿಯಂ

ಇಲ್ಲಿಗೆ ಬರೋಕೆ ಸ್ಕ್ರೀನ್ ಮೇಲೆ ಬೆರಳು ಎಳೆದ್ರಲ್ಲ, ಆಗ ಅದರ ಕೆಳಗೆ ಕೆಲಸ ಮಾಡಿದ್ದು ಬಹುಶಃ ಇಂಡಿಯಂ ಅನ್ನೋ ಲೋಹ. ನಿಮಗೆ ಅದು ಕಾಣಲ್ಲ. ಕಾಣದೇ ಇರೋದೇ ಅದರ ಬೆಲೆ.

ಇಂಡಿಯಂ ಆಕ್ಸೈಡ್‌ಗೆ ಸ್ವಲ್ಪ ತವರದ ಆಕ್ಸೈಡ್ ಸೇರಿಸಿ ಗಾಜಿನ ಮೇಲೆ ತೆಳುವಾಗಿ ಲೇಪಿಸಿದರೆ, ಬೆಳಕೂ ದಾಟುತ್ತೆ, ಕರೆಂಟೂ ಹರಿಯುತ್ತೆ. ಎರಡೂ ಒಟ್ಟಿಗೆ ಮಾಡೋ ವಸ್ತು ಕಡಿಮೆ. ಅದಕ್ಕೇ ಫೋನ್, ಟಿವಿ, ಲ್ಯಾಪ್‌ಟಾಪ್ ಸ್ಕ್ರೀನ್‌ಗಳಿಗೆ ಇದು ಬೇಕು. ಹೆಸರು ನೋಡಿ ನಮ್ಮ ಇಂಡಿಯಾ ಅನ್ಕೋಬೇಡಿ. 1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ರೈಶ್ ಮತ್ತು ರಿಕ್ಟರ್ ಸತುವಿನ ಅದಿರು ಪರೀಕ್ಷಿಸುವಾಗ ಇಂಡಿಗೋ ಬಣ್ಣದ ಬೆಳಕಿನ ಗೆರೆ ಕಂಡಿತು. ಹೆಸರು ಬಂದಿದ್ದು ಅಲ್ಲಿಂದ.

ಈಗ ಬಿಕಾಂ ಲೆಕ್ಕಕ್ಕೆ ಬರೋಣ. ಇಂಡಿಯಂಗೆ ಅಂತಲೇ ತೋಡೋ ಗಣಿ ಇಲ್ಲ ಅಂದರೂ ನಡೆಯುತ್ತೆ. ಸತುವಿನ ಅದಿರಲ್ಲಿ ಅದು ಟನ್‌ಗೆ ಗ್ರಾಂ ಲೆಕ್ಕದಲ್ಲಿರುತ್ತೆ, ಸತು ಶುದ್ಧ ಮಾಡುವಾಗ ಉಳಿದದ್ದರಿಂದ ತೆಗೀತಾರೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಓದ್ತೀವಲ್ಲ, ಬೈ-ಪ್ರಾಡಕ್ಟ್, ಅದೇ. ಸಕ್ಕರೆ ಕಾರ್ಖಾನೆಯ ಕಾಕಂಬಿ ನೆನೆಸ್ಕೊಳ್ಳಿ. ಕಾಕಂಬಿ ರೇಟ್ ಏರಿತು ಅಂತ ಯಾರೂ ಎರಡರಷ್ಟು ಕಬ್ಬು ನುರಿಸಲ್ಲ. ಹಾಗೇ ಇಂಡಿಯಂ ಬೆಲೆ ಏರಿದರೂ ಉತ್ಪಾದನೆ ಅಷ್ಟು ಸುಲಭಕ್ಕೆ ಏರಲ್ಲ. ಡಿಮ್ಯಾಂಡ್-ಸಪ್ಲೈ ಗ್ರಾಫ್ ಇಲ್ಲಿ ಕೈ ಕೊಡುತ್ತೆ.

ಜಗತ್ತಿನಲ್ಲಿ ವರ್ಷಕ್ಕೆ ಹೊಸದಾಗಿ ಶುದ್ಧವಾಗೋದು ಸುಮಾರು 1,000 ಟನ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದಲ್ಲಿ. 2025ರ ಫೆಬ್ರವರಿಯಲ್ಲಿ ಚೀನಾ ಇಂಡಿಯಂ ರಫ್ತಿಗೆ ಲೈಸೆನ್ಸ್ ನಿಯಮ ತಂತು. ನಮ್ಮ ಕೇಂದ್ರ ಸರ್ಕಾರ 2023ರಲ್ಲೇ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದೆ.

"ಹಳೇ ಫೋನ್ ರೀಸೈಕಲ್ ಮಾಡಿದರೆ ಆಯ್ತಲ್ಲ?" ಅಂತೀರಿ. ಇಲ್ಲೇ ನನ್ನ ತಕರಾರು. ಸ್ಕ್ರೀನ್ ಫ್ಯಾಕ್ಟರಿಯೊಳಗೆ ಉಳಿಯೋ ಇಂಡಿಯಂ ಚೆನ್ನಾಗಿಯೇ ವಾಪಸ್ ಬಳಕೆಯಾಗುತ್ತೆ. ಆದರೆ ನಾವು ಬಳಸಿ ಬಿಸಾಡಿದ್ದರಿಂದ ವಾಪಸ್ ಬರೋದು 1%ಕ್ಕಿಂತ ಕಡಿಮೆ ಅಂತ 2011ರ ವಿಶ್ವಸಂಸ್ಥೆ ಪರಿಸರ ಕಾರ್ಯಕ್ರಮದ ವರದಿ ಹೇಳಿತ್ತು. ಕಾರಣ ಸಿಂಪಲ್: ಲೇಪ ತಲೆಕೂದಲಿನ ನೂರರಲ್ಲೊಂದು ಭಾಗಕ್ಕಿಂತ ತೆಳು. ಬೋರ್ಡ್‌ನಲ್ಲಿರೋ ಚಿನ್ನ, ತಾಮ್ರ ತೆಗೆದರೆ ಲಾಭ, ಗಾಜು ಕೆರೆದರೆ ನಷ್ಟ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಎಕ್ಸ್‌ಚೇಂಜ್ ಆಫರ್‌ಗೆ "ಪರಿಸರಸ್ನೇಹಿ" ಅಂತ ಲೇಬಲ್ ಹಚ್ಚೋದು ಅರ್ಧ ಸತ್ಯ. ಫೋನ್ ಸತ್ತ ಮೇಲೆ ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ, ಬೇರೆ ಲೋಹಗಳಾದರೂ ಉಳೀಲಿ. ಆದರೆ ಇಂಡಿಯಂ ಉಳಿಸೋಕೆ ಸದ್ಯಕ್ಕೆ ಇರೋ ಗಟ್ಟಿ ದಾರಿ ಒಂದೇ: ಇರೋ ಸ್ಕ್ರೀನನ್ನು ಹೆಚ್ಚು ವರ್ಷ ಬಳಸೋದು.

ಇದನ್ನು ನಮ್ಮ ತಲೆಗೆ ಮಾತ್ರ ಕಟ್ಟಬೇಡಿ. ಬಿಡಿಭಾಗ ಸಿಗದಿದ್ದರೆ, ಅಪ್‌ಡೇಟ್ ನಿಂತರೆ ನಾವಾದರೂ ಏನ್ ಮಾಡೋದು? ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಬಂದ ನಿಯಮದ ಪ್ರಕಾರ, ಒಂದು ಮಾಡೆಲ್ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗ 7 ವರ್ಷ, ಅಪ್‌ಡೇಟ್ ಕನಿಷ್ಠ 5 ವರ್ಷ ಸಿಗಬೇಕು. ಪಟ್ಟಿಯಲ್ಲಿ "ನಿರ್ಣಾಯಕ" ಅಂತ ಬರೆದ ನಮ್ಮ ಸರ್ಕಾರವೂ ಇಂಥ ನಿಯಮ ಕಡ್ಡಾಯ ಮಾಡಲಿ.

ನಿಮ್ಮ ಫೋನಿಗೆ ಎಷ್ಟು ವರ್ಷ ಆಯ್ತು? ಸ್ಕ್ರೀನ್ ಹಾಕ್ಸೋಕೆ ಎಷ್ಟು ಕೇಳಿದ್ರು? ಕಾಮೆಂಟ್‌ನಲ್ಲಿ ಹಾಕಿ, ಲೆಕ್ಕ ಮಾಡೋಣ.

#ಲೋಹದಲೆಕ್ಕ #ಇಂಡಿಯಂ #ಇತ್ಯಾಜ್ಯ #ಕನ್ನಡ