ಹಳೆ ಜೀಪು ಕೊಂಡ ಮೇಲೆ ಮೊದಲ ಹದಿನೈದು ದಿನ

ಎತ್ತು ಕೊಳ್ಳಲು ಜಾತ್ರೆಗೆ ಹೋದಾಗ ನಮ್ಮ ಹಿರಿಯರು ಹಲ್ಲು ಹಿಡಿದು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಮನೆಗೆ ತಂದ ದಿನವೇ ಅದನ್ನು ನೊಗಕ್ಕೆ ಕಟ್ಟುತ್ತಿರಲಿಲ್ಲ. ಮೈ ತೊಳೆದು, ಲಾಳ ಕಟ್ಟಿಸಿ, ಕೆಲವು ದಿನ ಮೇವು ನೀರು ಕೊಟ್ಟು ಸುಧಾರಿಸಿದ ಮೇಲೆ ಗಾಡಿಗೆ ಹೂಡುತ್ತಿದ್ದರು. ಇಂದು ಎತ್ತಿನ ಜಾಗಕ್ಕೆ ಜೀಪು ಬಂದಿದೆ. ಎತ್ತಿಗೆ ತೋರಿಸುತ್ತಿದ್ದ ವ್ಯವಧಾನವನ್ನು ಮಾತ್ರ ನಾವು ಜೀಪಿಗೆ ತೋರಿಸುತ್ತಿಲ್ಲ. ಬೆಳಿಗ್ಗೆ ಹಣ ಎಣಿಸಿ ಕೊಟ್ಟು, ಮಧ್ಯಾಹ್ನ ಚಕ್ರದಡಿ ನಿಂಬೆಹಣ್ಣು ಇಟ್ಟು, ಮರುದಿನವೇ ಹತ್ತು ಜನ ಆಳುಗಳನ್ನು ಹಿಂದೆ ಕೂರಿಸಿಕೊಂಡು ತೋಟಕ್ಕೆ ಹೊರಡುತ್ತೇವೆ. ಇದು ತಪ್ಪು ಎಂದು ಹೇಳುವುದೇ ಈ ಬರಹದ ಉದ್ದೇಶ.

1941ರಿಂದ ಅಮೆರಿಕದಲ್ಲಿ ಯುದ್ಧಕ್ಕೆಂದು ತಯಾರಾದ ವಿಲ್ಲಿಸ್ ಜೀಪು, ಸ್ವಾತಂತ್ರ್ಯದ ನಂತರ ಮುಂಬಯಿಯಲ್ಲಿ ಮಹೀಂದ್ರ ಕಂಪನಿಯ ಮೂಲಕ ಜೋಡಣೆಯಾಗತೊಡಗಿತು. ಅದರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೈಯಿಂದ ಕೈಗೆ ದಾಟುತ್ತಿವೆ. 2019ರಲ್ಲಿ ಸಾರ್ವಜನಿಕರಿಗೆ ಮಾರಾಟ ನಿಂತ ಮಾರುತಿ ಜಿಪ್ಸಿಗೂ ಗಿರಾಕಿ ಇದ್ದೇ ಇದೆ. ಸಣ್ಣ ಬೆಳೆಗಾರರಿಗೆ ಹೊಸ ಫೋರ್‌ವ್ಹೀಲ್ ಗಾಡಿ ದುಬಾರಿ. ಮಳೆಗಾಲದಲ್ಲಿ ನಮ್ಮ ಮಣ್ಣುದಾರಿಯನ್ನು ಬೇರೆ ಗಾಡಿ ಹತ್ತುವುದೂ ಇಲ್ಲ. ಆದ್ದರಿಂದ ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಕೊಟ್ಟ ಬೆಲೆಗೇ ಖರ್ಚು ಮುಗಿಯಿತು ಎಂದುಕೊಳ್ಳುವುದು ತಪ್ಪು.

ಈ ಮಾತನ್ನು ನಾವು ಕೆಟ್ಟು ಕಲಿತಿದ್ದೇವೆ. ಕೆಲವು ವರ್ಷಗಳ ಹಿಂದೆ ರೋಬಸ್ಟಾ ಕೊಯ್ಲಿನ ಸಮಯದಲ್ಲಿ ನಮ್ಮ ಮನೆಗೂ ಒಂದು ಹಳೆ ಜೀಪು ಬಂತು. ಇಂಜಿನ್ ಸದ್ದು ಚೆನ್ನಾಗಿತ್ತು, ಬಣ್ಣ ಹೊಸದಾಗಿತ್ತು. ತಂದ ಆರನೆಯ ದಿನ ಸಂಜೆ ಹಣ್ಣಿನ ಚೀಲಗಳ ಮೇಲೆ ಒಂಬತ್ತು ಜನರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಪೆಡಲು ಸೀದಾ ನೆಲಕ್ಕೆ ಹೋಯಿತು. ಜೀಪು ಎರಡನೇ ಗೇರಿನಲ್ಲಿತ್ತು. ಎಡಕ್ಕೆ ಧರೆ ಇತ್ತು, ಬಲಕ್ಕೆ ಹಳ್ಳ. ಧರೆಗೆ ಉಜ್ಜಿ ನಿಲ್ಲಿಸಿದೆವು. ಒಬ್ಬ ಹೆಂಗಸಿನ ಮುಂಗೈ ಮುರಿಯಿತು. ಉಳಿದವರು ತರಚು ಗಾಯಗಳಲ್ಲಿ ಪಾರಾದರು. ಬಿಚ್ಚಿ ನೋಡಿದಾಗ ಹಿಂದಿನ ಚಕ್ರದ ಬ್ರೇಕ್ ಸಿಲಿಂಡರಿನ ರಬ್ಬರು ಹರಿದಿತ್ತು. ಮೊದಲೇ ಬದಲಿಸಿದ್ದರೆ ಆ ರಬ್ಬರಿನ ಬೆಲೆ ಒಂದು ದಿನದ ಕೂಲಿಗಿಂತ ಕಡಿಮೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಮೇಲೆ ಎಲ್ಲವನ್ನೂ ಮಾಡಿಸಿದೆವು. ಮಾರಿದವರನ್ನು ದೂರಿ ಫಲವಿಲ್ಲ; ನೋಡದೆ ಜನರನ್ನು ಹತ್ತಿಸಿಕೊಂಡವರು ನಾವು.

ಆದ್ದರಿಂದ ನಮ್ಮ ಮೊದಲ ಸಲಹೆ: ಹಳೆ ಜೀಪು ಕೊಂಡರೆ ಮೊದಲ ಹದಿನೈದು ದಿನ ಅದರಲ್ಲಿ ಆಳುಗಳನ್ನು ಕೂರಿಸಬೇಡಿ. ಆ ಹದಿನೈದು ದಿನ ಗ್ಯಾರೇಜಿಗೆ ಸೇರಿದ್ದು.

ಅಲ್ಲಿ ಮೊದಲ ಕೆಲಸ ಬ್ರೇಕಿನದು. ನಾಲ್ಕೂ ಡ್ರಮ್ಮು ಬಿಚ್ಚಿಸಿ ಲೈನರ್, ಸಿಲಿಂಡರ್, ರಬ್ಬರ್ ಪೈಪುಗಳನ್ನು ನೋಡಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಪೆಡಲು ಮೆತ್ತಗಾಗುವುದು ಇದರಿಂದಲೇ. ಆದ್ದರಿಂದ ಹಳೆಯದನ್ನು ಪೂರ್ತಿ ಹೊರತೆಗೆದು ಹೊಸದನ್ನು ತುಂಬಿಸಬೇಕು. ಬಹಳ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದವು ಎಂದೇ ಅರ್ಥ. ಇಂಥವುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿರುತ್ತದೆ. ಅಲ್ಲಿನ ಆಯಿಲ್ ಸೀಲು ಸೋರಿದರೆ ಎಣ್ಣೆ ಡ್ರಮ್ಮಿನೊಳಗೆ ಇಳಿದು ಹ್ಯಾಂಡ್ ಬ್ರೇಕು ಹಿಡಿಯುವುದಿಲ್ಲ. ಉಬ್ಬಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಕಲ್ಲು ಕೊಡುವುದು ಒಳ್ಳೆಯದೇ. ಆದರೆ ಕಲ್ಲೇ ಬ್ರೇಕು ಆಗಬಾರದು.

ಎರಡನೆಯದು ಎಣ್ಣೆ. ಇಂಜಿನ್ ಆಯಿಲ್ ಬದಲಿಸಿದರೆ ಮುಗಿಯಿತು ಎಂಬ ಭಾವನೆ ಸಾಮಾನ್ಯ. ಫೋರ್‌ವ್ಹೀಲ್ ಗಾಡಿಯಲ್ಲಿ ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಹಿಂದಿನ ಡಿಫರೆನ್ಷಿಯಲ್, ಮುಂದಿನ ಡಿಫರೆನ್ಷಿಯಲ್ ಎಂದು ಇನ್ನೂ ನಾಲ್ಕು ಕಡೆ ಎಣ್ಣೆ ಇದೆ. ಮುಂದಿನದನ್ನು ವರ್ಷಗಟ್ಟಲೆ ಯಾರೂ ಬಿಚ್ಚಿರುವುದಿಲ್ಲ. ನಾಲ್ಕನ್ನೂ ಒಂದು ತಟ್ಟೆಗೆ ಇಳಿಸಿ ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ನೀರು ಹೇಗೆ ಸೇರುತ್ತದೆಂಬುದನ್ನೂ ತಿಳಿಯಬೇಕು. ಓಡಿ ಬಿಸಿಯಾದ ಆಕ್ಸಲು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲೆಂದು ಆಕ್ಸಲಿನ ಮೇಲೆ ಇಟ್ಟಿರುವ ಬ್ರೀದರ್ ಎಂಬ ಸಣ್ಣ ತೂತು ಕೆಸರಿನಿಂದ ಮುಚ್ಚಿದ್ದರೆ, ಸೀಲುಗಳ ಸಂದಿಯಿಂದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಒಂದು ತಂತಿಯ ತುಂಡಿನಿಂದ ಆ ತೂತನ್ನು ಬಿಡಿಸಿಡುವುದು ಐದು ನಿಮಿಷದ ಕೆಲಸ. ಅದನ್ನು ಮರೆತರೆ ಕ್ರೌನ್ ವ್ಹೀಲಿನ ಖರ್ಚು ಕಾದಿರುತ್ತದೆ. ಎಣ್ಣೆ ಹಾಕಿಸುವಾಗ ಯಾವುದಾದರೇನು ಎನ್ನಬೇಡಿ. ಡಿಫರೆನ್ಷಿಯಲ್‌ಗೆ ಸಲ್ಲುವ ಎಣ್ಣೆ ಎಲ್ಲ ಗೇರ್ ಬಾಕ್ಸುಗಳಿಗೂ ಸಲ್ಲುವುದಿಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿಸಬೇಕು.

ಮೂರನೆಯದು ಫೋರ್‌ವ್ಹೀಲ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದು. ಡೀಸೆಲ್ ಉಳಿಸಲು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಟ್ಟ ಜೀಪುಗಳಿವೆ. ಅಡಿಗೆ ಬಗ್ಗಿ ನೋಡದೆ ಕೊಂಡವರಿಗೆ ಅದು ತಿಳಿಯುವುದು ಮೊದಲ ಮಳೆಯ ಕೆಸರಿನಲ್ಲಿ. ಜಾಕಿನ ಮೇಲೆ ಎತ್ತಿಸಿ, ಲಿವರ್ ಹಾಕಿಸಿ, ಮುಂದಿನ ಚಕ್ರಗಳಿಗೆ ಬಲ ಹೋಗುತ್ತದೆಯೇ ನೋಡಿಸಿ. ಶಾಫ್ಟಿನ ಕ್ರಾಸುಗಳು, ಮುಂದಿನ ಚಕ್ರದ ಬೇರಿಂಗು, ಸ್ಟಿಯರಿಂಗಿನ ಬಾಲ್ ಜಾಯಿಂಟುಗಳು, ಸ್ಪ್ರಿಂಗ್ ಪ್ಲೇಟಿನ ಬುಷ್‌ಗಳು ಇವೆಲ್ಲಕ್ಕೂ ಹೊಸ ಗ್ರೀಸ್ ಬೇಕು. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ತೋಟದ ಮಣ್ಣುದಾರಿಯಲ್ಲಿ ಸ್ವಲ್ಪ ದೂರ ಫೋರ್‌ವ್ಹೀಲಿನಲ್ಲಿ ಓಡಿಸಿದರೆ ಒಳಗಿನ ಹಲ್ಲುಗಳಿಗೆ ಎಣ್ಣೆ ತಾಗಿ ಲಿವರ್ ಬಿಗಿಯುವುದಿಲ್ಲ. ಒಣಗಿದ ಟಾರು ರಸ್ತೆಯಲ್ಲಿ ಮಾತ್ರ ಇಂಥ ಗಾಡಿಗಳನ್ನು ಫೋರ್‌ವ್ಹೀಲಿನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಜಾರಲು ಮಣ್ಣಿಲ್ಲದ ಕಡೆ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಇದೇ ಕಾರಣಕ್ಕೆ ನಾಲ್ಕು ಟಯರುಗಳೂ ಒಂದೇ ಅಳತೆಯವಾಗಿರಬೇಕು, ಸವೆತವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಇದ್ದರೂ ಪಕ್ಕದ ರಬ್ಬರು ಬಿರಿದಿದ್ದರೆ ಅದನ್ನು ನಂಬಬಾರದು.

ನಾಲ್ಕನೆಯದು ತುಕ್ಕು. ಅಡಿಕೆ ತೋಟದವರಿಗೆ ಇದನ್ನು ವಿಶೇಷವಾಗಿ ಹೇಳಬೇಕಾಗಿದೆ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ನಮಗೆಲ್ಲ ಗೊತ್ತು. ಕತ್ತಿಯ ಅಲಗು ಅದ್ದಿ ನೋಡಿ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುವವರೂ ನಾವೇ. ಆದರೆ ಅದೇ ಮೈಲುತುತ್ತದ ನೀರು ಡ್ರಮ್ಮಿನಿಂದ ತುಳುಕಿ ಜೀಪಿನ ತಳಕ್ಕೆ ಬಿದ್ದಾಗ ಸುಮ್ಮನಿರುತ್ತೇವೆ. ಪೊಟ್ಯಾಷ್ ಗೊಬ್ಬರದ ಪುಡಿಯೂ ಉಪ್ಪಿನಂತೆಯೇ ಕಬ್ಬಿಣ ತಿನ್ನುತ್ತದೆ. ಹಳೆ ಜೀಪಿನ ಬಣ್ಣ ನೋಡಬೇಡಿ. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಕಬ್ಬಿಣ ಕಣಗುಟ್ಟುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಕೊಡುತ್ತದೆ. ಸಿಂಪಡಣೆ ಮುಗಿದ ಸಂಜೆ ಎರಡು ಕೊಡ ನೀರು ಹೊಯ್ದು ತಳ ತೊಳೆಯುವುದು ದೊಡ್ಡ ಕೆಲಸವೇನಲ್ಲ.

ಇನ್ನು ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಕೂತ ನೀರು ತೆಗೆಸಿ ಫಿಲ್ಟರ್ ಬದಲಿಸುವುದು, ಇಲಿ ಕಡಿದ ವೈರು ನೋಡಿಸುವುದು, ವೈಪರ್ ಮತ್ತು ದೀಪ ಸರಿಪಡಿಸುವುದು ಇವೂ ಆಗಬೇಕು. ಪೆಟ್ರೋಲ್ ಜಿಪ್ಸಿ ಆದರೆ ಟೈಮಿಂಗ್ ಬೆಲ್ಟನ್ನು ಹಿಂದಿನವರ ಮಾತಿನ ಮೇಲೆ ಬಿಡದೆ ಬದಲಿಸಿಬಿಡುವುದು ಲೇಸು.

ಕಾಗದ ಪತ್ರದ ಕೆಲಸವೂ ರಿಪೇರಿಯಷ್ಟೇ ಮುಖ್ಯ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ಕೊಂಡವರು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. 157ನೆಯ ಕಲಮಿನಂತೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ‘ಅವರ ಹೆಸರಲ್ಲೇ ಇರಲಿ ಬಿಡಿ, ಗೊತ್ತಿರುವವರೇ’ ಎಂಬ ದಾಕ್ಷಿಣ್ಯ ಅಪಘಾತವಾದ ದಿನ ಎರಡು ಮನೆಗಳನ್ನೂ ಸುಡುತ್ತದೆ. ಹಿಂದೆ ಕೂರುವ ಕೆಲಸದವರಿಗೆ ವಿಮೆ ಸಲ್ಲುತ್ತದೆಯೇ ಎಂದು ವಿಮಾ ಕಚೇರಿಯಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಓಡುತ್ತಿರುವ ಗಾಡಿಯನ್ನು ಬಿಚ್ಚುವುದೇಕೆ, ಬೆಲೆ ಬಿದ್ದ ವರ್ಷದಲ್ಲಿ ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಕೆಲವು ಸದಸ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಉತ್ತರ ಇಷ್ಟು: ಕೈಯಲ್ಲಿ ಐದು ರೂಪಾಯಿ ಇದ್ದರೆ ನಾಲ್ಕು ರೂಪಾಯಿಯ ಜೀಪು ನೋಡಿ, ಒಂದು ರೂಪಾಯಿ ಗ್ಯಾರೇಜಿಗೆ ಎತ್ತಿಡಿ. ಅದೂ ಸಾಲದಿದ್ದರೆ ಬ್ರೇಕು, ಸ್ಟಿಯರಿಂಗ್, ಟಯರು ಈ ಮೂರನ್ನು ಮೊದಲು ಮಾಡಿಸಿ, ಬಣ್ಣ ಸೀಟುಗಳನ್ನು ಮುಂದಿನ ಕೊಯ್ಲಿಗೆ ಬಿಡಿ. ನಮ್ಮ ಸಂಘವೂ ಗೊಬ್ಬರ, ಮೈಲುತುತ್ತದ ಜೊತೆಗೆ ಒಳ್ಳೆಯ ಬ್ರೇಕ್ ಸಾಮಾನು, ಗೇರ್ ಆಯಿಲ್, ಸದಸ್ಯರಿಗೆ ಎರವಲು ಕೊಡಲು ಒಂದು ಗ್ರೀಸ್ ಗನ್ ಇಡಬಾರದೇಕೆ? ಪ್ರತಿ ವರ್ಷ ಮೇ ತಿಂಗಳಲ್ಲಿ ಒಬ್ಬ ನುರಿತ ಮೆಕ್ಯಾನಿಕ್ಕನ್ನು ಎರಡು ದಿನ ಕರೆಸಿ ಸದಸ್ಯರ ಗಾಡಿಗಳನ್ನು ನೋಡಿಸಬಾರದೇಕೆ? ಆಡಳಿತ ಮಂಡಳಿ ಯೋಚಿಸಲೆಂದು ಕೋರುತ್ತೇವೆ.

ಹೂಮಳೆ ಮುಗಿದು ಕೈಯಲ್ಲಿ ಕಾಫಿ ದುಡ್ಡು ಇರುವಾಗ ಜೀಪು ಕೊಳ್ಳುವವರು ಹೆಚ್ಚು. ಮೃಗಶಿರಾ ಮಳೆ ಹಿಡಿಯುವ ಮೊದಲು ಈ ಕೆಲಸಗಳೆಲ್ಲ ಮುಗಿಯಲಿ. ಹಿಂದಿನ ಸೀಟಿನಲ್ಲಿ ಕೂರುವವರು ಬ್ರೇಕು ನೋಡಿ ಹತ್ತುವುದಿಲ್ಲ, ನಮ್ಮ ಮುಖ ನೋಡಿ ಹತ್ತುತ್ತಾರೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಹೊಣೆ.